ನಲವತ್ತೊಂದು ಖಾಲಿ ಚೌಕಗಳು

ಜನವರಿ ೯, ಗುರುವಾರ
ಕಾರ್ಯಾಗಾರ, ಮೊದಲ ಮಹಡಿ.
ಲಕೋಟೆಯಲ್ಲಿ: ಮೆಮೊರಿ ಕಾರ್ಡು ಒಂದು, ಈ ಪತ್ರ.

ಎಡಗಡೆಯವರಿಗೆ,

ನಿಮ್ಮ ನಾಲ್ಕು ಸಾಲಿನ ಕಾಗದ ಡಿಸೆಂಬರ್ ಕೊನೆಯಲ್ಲಿ ತಲುಪಿತು. ಹದಿನಾಲ್ಕು ತಿಂಗಳಿಗೆ ನಾಲ್ಕು ಸಾಲು. ಅದರಲ್ಲಿ ಮೂರು ಕೆಲಸದ್ದು, ಒಂದು ವಿಳಾಸ. ದೂರುತ್ತಿಲ್ಲ, ಎಣಿಸಿದೆ ಅಷ್ಟೆ.

ಕೇಳಿದ್ದನ್ನು ಮಾಡಿದ್ದೇನೆ. ಡ್ರಿಪ್ ಬಾಟಲಿ ಖಾಲಿಯಾಗುವ ಹೊತ್ತಿಗೆ ಕೂಗಿ, ನರ್ಸಿನ ಮೇಜಿನ ಮೇಲೆ ದೀಪ ಹತ್ತಿಸುವ ಸರ್ಕ್ಯೂಟ್ ಬೋರ್ಡು. ಒಟ್ಟು ನಲವತ್ತೊಂದು ಬಿಡಿಭಾಗ. ಬಾಟಲಿಯ ಕುತ್ತಿಗೆಗೆ ಸಿಕ್ಕಿಸುವಂತೆ ಬೆಂಕಿಪೊಟ್ಟಣದಷ್ಟು ಸಣ್ಣದು ಮಾಡಿದ್ದೇನೆ. ನಿಮ್ಮ ಆಸ್ಪತ್ರೆಯ ಕಂಪ್ಯೂಟರಿಗೆ ಹೊರಗಿನ ಫೈಲನ್ನು ಇಂಟರ್‌ನೆಟ್‌ನಲ್ಲಿ ಬಿಡುವುದಿಲ್ಲ ಎಂದಿದ್ದಿರಿ, ಆದ್ದರಿಂದ ನಕ್ಷೆಯನ್ನು ಕಾರ್ಡಿನಲ್ಲಿ ಹಾಕಿದ್ದೇನೆ. ಒಮ್ಮೆ ನೋಡಿ, ತಪ್ಪಿದ್ದರೆ ತಿದ್ದಿ, ಅಲ್ಲೇ ಬೋರ್ಡು ಮಾಡಿಸಿಕೊಳ್ಳಿ. ಮೊದಲನೆಯದಕ್ಕೆ ನೀವೇ ಬೆಸುಗೆ ಹಾಕಿದರೆ ನನಗೆ ನೆಮ್ಮದಿ.

ಫೋನ್ ಮಾಡಬಹುದಿತ್ತು. ಆದರೆ ಒಂಬತ್ತು ವರ್ಷ ಒಂದೇ ಮೇಜಿನ ಎರಡು ಬದಿ ಕೂತ ನಾವು ಫೋನಿನಲ್ಲಿ 'ಹೂಂ, ಆಯ್ತು, ಇಡ್ತೀನಿ' ಎನ್ನುವುದನ್ನು ಬಿಟ್ಟು ಬೇರೇನಾದರೂ ಆಡಿದ್ದು ನೆನಪಿಲ್ಲ.

ಕೆಳಗಿನ ಟೈಲರ್ ಇನ್ನೂ ಕೇಳುತ್ತಾನೆ, ಎಡಗಡೆ ಸಾರ್ ಯಾವಾಗ ಬರ್ತಾರೆ ಎಂದು. ಅಕ್ಕನಿಗೆ ಆಸರೆ ಬೇಕಿತ್ತು, ಆಸ್ಪತ್ರೆಯಲ್ಲಿ ಉಪಕರಣ ದುರಸ್ತಿಯ ಕೆಲಸ ಸಿಕ್ಕಿತು, ಹೋದರು ಎಂದು ನೀವು ಹೇಳಿದ ಕಾರಣವನ್ನೇ ನಾನೂ ಹೇಳುತ್ತೇನೆ. ಹೋದ ತಿಂಗಳು ನಿಮ್ಮ ಸ್ಟೂಲನ್ನು ಸಾಲ ಕೇಳಿದ. ಒಂದು ಕಾಲು ಅಲುಗಾಡುತ್ತದೆ ಎಂದು ಸುಳ್ಳು ಹೇಳಿ ಕಳಿಸಿದೆ.

ಬಲಗಡೆಯವಳು


ಜನವರಿ ೨೧

ಬಲಗಡೆಯವರಿಗೆ,

ಕಾರ್ಡು ತಲುಪಿತು. ಫೈಲು ತೆರೆಯಿತು. ಗೆರೆಗಳೆಲ್ಲ ಇವೆ, ಅಂಕಿಗಳೆಲ್ಲ ಇವೆ, ಬಿಡಿಭಾಗ ಮಾತ್ರ ಒಂದೂ ಇಲ್ಲ. ಇರಬೇಕಾದ ಕಡೆ ನಲವತ್ತೊಂದು ಖಾಲಿ ಚೌಕಗಳು, ಪ್ರತಿಯೊಂದರ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ.

ತಪ್ಪು ನನ್ನದು. ಬಿಡಿಭಾಗಗಳ ಚಿತ್ರವನ್ನೆಲ್ಲ ಒಂದೇ ಕಡೆ ಇಡೋಣ ಎಂದು ಕಾರ್ಯಾಗಾರದ ಕಂಪ್ಯೂಟರಿನಲ್ಲಿ ನಾನು 'ಬೀರು' ಎಂಬ ಫೋಲ್ಡರ್ ಮಾಡಿದ್ದೆ. ನೀವು ಯಾವ ನಕ್ಷೆ ಬರೆದರೂ ಅದು ಬಿಡಿಭಾಗವನ್ನು ಹೊತ್ತುಕೊಂಡು ಹೋಗುವುದಿಲ್ಲ. 'ಬೀರು, ಮೂರನೇ ಖಾನೆ, ಎಡಗಡೆಯದು' ಎಂದು ವಿಳಾಸ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಕೋಣೆಯಲ್ಲಿ ಬೀರು ಇದೆ, ಆದ್ದರಿಂದ ಎಲ್ಲ ಸರಿ ಕಾಣುತ್ತದೆ. ಇಲ್ಲಿ ಬೀರು ಇಲ್ಲ. ಹೊರಡುವಾಗ ಅದರ ಪ್ರತಿ ತರಲಿಲ್ಲ.

ದಯವಿಟ್ಟು ಈ ಕೆಲಸಕ್ಕೆ ಬೇಕಾದ ನಲವತ್ತೊಂದನ್ನು ಪ್ರಾಜೆಕ್ಟಿನ ಫೋಲ್ಡರಿನ ಒಳಗೇ ಹಾಕಿ, ವಿಳಾಸಗಳನ್ನು ಆ ಫೋಲ್ಡರಿಗೇ ತಿರುಗಿಸಿ ಕಳಿಸಿ. ಯಾರ ಮೇಜಿನ ಮೇಲೆ ತೆರೆದರೂ ತೆರೆಯಬೇಕು, ನಿಮ್ಮನ್ನಾಗಲಿ ನನ್ನನ್ನಾಗಲಿ ಕೇಳಬೇಕಾದ ಅಗತ್ಯ ಬೀಳಬಾರದು.

ಇನ್ನೊಂದು ಮಾತು. ಬಿಡಿಭಾಗಗಳನ್ನು ಎರಡು ಅಳತೆ ದೊಡ್ಡದು ಮಾಡಿ. ಸಾಸಿವೆ ಕಾಳಿನಂಥವು ಈ ಊರಿನಲ್ಲಿ ಸಿಗುವುದಿಲ್ಲ. ಬೋರ್ಡು ದೊಡ್ಡದಾದರೆ ಆಗಲಿ.

ಮಕ್ಕಳ ವಾರ್ಡಿನ ದೊಡ್ಡ ಸಿಸ್ಟರಿಗೆ ಇಂಥ ಹನ್ನೆರಡು ಬೇಕು. ಹೊಸ ವಾರ್ಡು ಮೇ ಎರಡಕ್ಕೆ ತೆರೆಯುತ್ತದೆ. ರಾತ್ರಿ ಪಾಳಿಯಲ್ಲಿ ಹನ್ನೆರಡು ಹಾಸಿಗೆಗೆ ಒಬ್ಬಳೇ ನರ್ಸು. ನನ್ನನ್ನು ಕಂಡಾಗಲೆಲ್ಲ, 'ಬಂತಾ ನಿಮ್ಮ ಬೋರ್ಡು, ಇನ್ನೂ ದಾರೀಲೇ ಇದ್ಯಾ?' ಎನ್ನುತ್ತಾರೆ.

ಅಕ್ಕ ಚೆನ್ನಾಗಿದ್ದಾಳೆ. ಈಗೀಗ ನನಗೆ ಟೀ ಅರ್ಧ ಲೋಟ ಮಾತ್ರ ಕೊಡುತ್ತಾಳೆ. ಜಿಪುಣತನ ಎಂದು ರೇಗಿಸುತ್ತೇನೆ.

ಎಡಗಡೆಯವನು


ಫೆಬ್ರವರಿ ೩
ಲಕೋಟೆಯಲ್ಲಿ: ಕಾರ್ಡು, ಎರಡನೆಯ ಸಲ.

ಎಡಗಡೆಯವರಿಗೆ,

ಮೊದಲು ಒಂದು ತಕರಾರು. ಪತ್ರವನ್ನು ಟೈಪ್ ಮಾಡಿ, ಮುದ್ರಿಸಿ ಕಳಿಸಿದ್ದೀರಿ. ಸಹಿ ಕೂಡ ಟೈಪ್. ಒಡೆದಾಗ ನೀರಿನ ಇಲಾಖೆಯ ನೋಟೀಸು ಎಂದುಕೊಂಡು ಪಕ್ಕಕ್ಕಿಟ್ಟಿದ್ದೆ, ಮಧ್ಯಾಹ್ನದವರೆಗೆ ಓದಲಿಲ್ಲ. ನಿಮ್ಮ ಅಕ್ಷರವನ್ನು ನೋಡಿ ಅಭ್ಯಾಸವಾದವರು ಇಲ್ಲಿ ಒಬ್ಬರಿದ್ದಾರೆ ಎಂಬುದು ಮರೆತಿರಬೇಕು. ಚಿಕ್ಕಮ್ಮ ಅದನ್ನು ಕೈಗೆತ್ತಿಕೊಂಡು ಅತ್ತ ಇತ್ತ ತಿರುಗಿಸಿ, 'ದೊಡ್ಡ ಆಫೀಸರ್ ಆಗಿರ್ಬೇಕು, ಕೈ ನೋಯಿಸ್ಕೊಳ್ಳಲ್ಲ' ಎಂದಳು.

ನೀವು ಹೇಳಿದ ಹಾಗೆ ನಲವತ್ತೊಂದನ್ನೂ ಬೀರಿನಿಂದ ಎತ್ತಿ ಒಳಗೆ ಹಾಕಿದ್ದೇನೆ, ವಿಳಾಸ ತಿರುಗಿಸಿದ್ದೇನೆ. ಇಡೀ ಬೀರನ್ನೇ ಕಾರ್ಡಿಗೆ ಸುರಿದು ಕಳಿಸಿದ್ದರೆ ಹತ್ತು ನಿಮಿಷದ ಕೆಲಸ. ಕೈ ಅತ್ತಲೇ ಹೋಗಿತ್ತು, ನೀವು ಹಿಂದೊಮ್ಮೆ ಅಂದದ್ದು ನೆನಪಾಗಿ ನಿಲ್ಲಿಸಿದೆ. ಲಿಫ್ಟ್ ಕಂಪನಿಯವರು ಒಂದು ಸ್ವಿಚ್ಚಿನ ಚಿತ್ರ ಕೇಳಿದಾಗ ನಾನು ಎರಡು ಸಾವಿರದ ಮುನ್ನೂರು ಚಿತ್ರವನ್ನೂ ಕಳಿಸಲು ಹೊರಟಿದ್ದೆ. ನೀವು ತಲೆ ಎತ್ತದೆ, 'ಅಂಗಿ ಕೇಳಿದ್ರೆ ಬೀರು ಹೊತ್ಕೊಂಡು ಹೋಗ್ತೀರಾ?' ಎಂದಿರಿ. ಆವತ್ತು ನನಗೆ ಸಿಟ್ಟು ಬಂದಿತ್ತು.

ಅಳತೆ ದೊಡ್ಡದು ಮಾಡಿಲ್ಲ. ಬಿಡಿಭಾಗ ಸಿಗುವುದಿಲ್ಲ ಎಂಬುದನ್ನು ನಂಬುವುದು ಕಷ್ಟ, ನಿಮ್ಮದು ಬಂದರಿರುವ ಊರು. ಇಲ್ಲಿಂದ ನಾನೇ ಒಂದು ಪೊಟ್ಟಣ ಕಳಿಸುತ್ತೇನೆ. ಸಾಸಿವೆಗಿಂತ ಸಣ್ಣದನ್ನು ಕಣ್ಣುಮುಚ್ಚಿ ಇಡುತ್ತಿದ್ದ ಕೈ ಅದು, ಈಗ ದೊಡ್ಡದು ಬೇಕು ಎನ್ನುವುದು ಸೋಮಾರಿತನ. ಬೈಯುತ್ತಿಲ್ಲ.

ನಿಮ್ಮ ಅಕ್ಕನಿಗೆ ಹೇಳಿ, ಅರ್ಧ ಲೋಟ ಅನ್ಯಾಯ ಎಂದು ಬಲಗಡೆಯವಳು ತೀರ್ಪು ಕೊಟ್ಟಿದ್ದಾಳೆ.

ಬಲಗಡೆಯವಳು


ಫೆಬ್ರವರಿ ೨೦

ಬಲಗಡೆಯವರಿಗೆ,

ಈ ಸಲ ಒಂದೂ ಖಾಲಿ ಚೌಕ ಇರಲಿಲ್ಲ. ಎಲ್ಲ ಸರಿ ಎಂದು ನಂಬಿ ಬೋರ್ಡು ಮಾಡಿಸಿದೆ. ಬೋರ್ಡು ಮೂರು ದಿನದ ಹಿಂದೆ ವಾರ್ಡಿಗೆ ಏರಿತು. ತುಂಬಿದ ಬಾಟಲಿಗೆ ಕೂಗಿಕೊಂಡಿತು. ಖಾಲಿಯಾದ ಕೂಡಲೇ ಸುಮ್ಮನಾಯಿತು.

ದೊಡ್ಡ ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ಐದು ನಿಮಿಷ ನೋಡಿದರು. ಆಮೇಲೆ ಹೇಳಿದರು: 'ಸಾರ್, ಹೊಟ್ಟೆ ತುಂಬಿದ್ಮೇಲೆ ಅಳೋ ಮಕ್ಕಳು ನನ್ನ ವಾರ್ಡಲ್ಲಿ ಬೇಕಾದಷ್ಟಿವೆ. ಇನ್ನೊಂದು ಬೇಡ.'

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ನಲವತ್ತೊಂದರಲ್ಲಿ ಮೂವತ್ತೆಂಟರ ವಿಳಾಸ ನೀವು ತಿರುಗಿಸಿದ್ದೀರಿ, ಮೂರನ್ನು ಬಿಟ್ಟಿದ್ದೀರಿ. ಆ ಮೂರು ಇನ್ನೂ ನಿಮ್ಮ ಕೋಣೆಯ ಬೀರನ್ನೇ ಹುಡುಕುತ್ತಿವೆ. ಇಲ್ಲಿನ ಕಂಪ್ಯೂಟರಿನಲ್ಲಿ ಯಾರೋ ಎಂದೋ ಬರೆದಿಟ್ಟ ಅದೇ ಹೆಸರಿನ ಮೂರು ಬಿಡಿಭಾಗಗಳಿದ್ದವು. ನಮ್ಮದು ಸಿಗದಿದ್ದಾಗ ಅದು ಸದ್ದಿಲ್ಲದೆ ಅವನ್ನು ತಂದು ಕೂರಿಸಿದೆ. ಎರಡು ಲೆಕ್ಕಕ್ಕೆ ಬರುವಂಥವಲ್ಲ. ಮೂರನೆಯದು ಮುಖ್ಯವಾದದ್ದು, ಬಾಟಲಿಯ ಮಟ್ಟವನ್ನು ಹೋಲಿಸಿ ನೋಡುವ ಎಂಟು ಕಾಲಿನದು. ಅದರ ಎರಡನೆಯ ಕಾಲು, ಮೂರನೆಯ ಕಾಲು ಅದಲುಬದಲು. ಹಾಗಾಗಿ ತುಂಬಿದ್ದು ಅದಕ್ಕೆ ಖಾಲಿ, ಖಾಲಿಯಾದದ್ದು ತುಂಬಿದ್ದು.

ಖಾಲಿ ಚೌಕ ಕಂಡಿದ್ದರೆ ಚೆನ್ನಾಗಿತ್ತು, ಇಲ್ಲ ಎಂಬುದಾದರೂ ತಿಳಿಯುತ್ತಿತ್ತು. ನೀವು ಕಳಿಸಿದ ಫೈಲು ಎಂದು ನಾನು ಪರೀಕ್ಷಿಸಲಿಲ್ಲ. ಬೇರೆಯವರದಾಗಿದ್ದರೆ ಪರೀಕ್ಷಿಸುತ್ತಿದ್ದೆ.

ಬೆಸುಗೆ ಹಾಕಿದ್ದು ಇಲ್ಲಿನ ಟೆಕ್ನಿಷಿಯನ್. ನೀವು ಕಳಿಸಿದ ಪೊಟ್ಟಣ ಅವನಿಗೆ ಕೊಟ್ಟೆ, ತಲೆ ಚಚ್ಚಿಕೊಂಡ. ಮತ್ತೆ ಕೇಳುತ್ತಿದ್ದೇನೆ, ಅಳತೆ ದೊಡ್ಡದು ಮಾಡಿ.

ಎಡಗಡೆಯವನು


ಮಾರ್ಚ್ ೫

ಸ್ನೇಹಿತರೇ,

ಮೂರು ವಿಳಾಸ ಬಿಟ್ಟದ್ದು ನನ್ನ ತಪ್ಪು. ಒಪ್ಪಿಕೊಂಡೆ. ಅದನ್ನು ಇಲ್ಲಿಗೆ ಬಿಟ್ಟು ಬೇರೆಯದನ್ನು ಕೇಳುತ್ತೇನೆ.

ನೀವೇಕೆ ಬೆಸುಗೆ ಹಾಕಲಿಲ್ಲ? ಹಾಕಿದ್ದರೆ ಆ ಎಂಟು ಕಾಲಿನದನ್ನು ಬೋರ್ಡಿನ ಮೇಲೆ ಇಟ್ಟ ಕ್ಷಣವೇ ಗೆರೆ ಎಲ್ಲಿಗೆ ಹೋಗುತ್ತಿದೆ ಎಂದು ನಿಮಗೆ ಕಾಣುತ್ತಿತ್ತು. ಹಿಂದೆ ಹಾಗೆಯೇ ಎಷ್ಟೋ ನನ್ನ ತಪ್ಪು ಹಿಡಿದಿದ್ದೀರಿ. ಈಗ ಇನ್ನೊಬ್ಬನ ಮೇಜಿನ ಪಕ್ಕ ನಿಂತು ತೋರಿಸುವ ಕೆಲಸ ನಿಮ್ಮದು. ಸ್ಟೂಲು ಹೋಗಿ ಬೆನ್ನಿರುವ ಕುರ್ಚಿ ಬಂದಿರಬೇಕು. ಸಂತೋಷ.

ನೀವು ಹೋದದ್ದು ಅಕ್ಕನಿಗಾಗಿ ಅಲ್ಲ ಎಂದು ನನಗೆ ಮೊದಲಿನಿಂದಲೂ ಗೊತ್ತು. ಹೋಗುವ ಹದಿನೈದು ದಿನ ಮೊದಲು ನಿಮ್ಮ ಮೇಜಿನ ಕೆಳಗೆ, ಬಟ್ಟೆಯ ಹಿಂದೆ, ಸುಟ್ಟುಹೋದ ಎರಡು ಬೋರ್ಡು ಸಿಕ್ಕಿದವು. ನನಗೆ ಹೇಳದೆ ಅಡಗಿಸಿದ್ದಿರಿ. 'ಕೈ ಎಲ್ಲಿರುತ್ತೆ, ಮನಸ್ಸು ಎಲ್ಲಿರುತ್ತೆ ನಿಮ್ಮದು?' ಎಂದೆ. ಟೈಲರ್ ಮೆಟ್ಟಿಲ ಮೇಲೆ ನಿಂತಿದ್ದ, ಅವನೆದುರೇ ಅಂದೆ. ಮಾರನೆಯ ದಿನ ಆಸ್ಪತ್ರೆಯ ಕೆಲಸದ ಸುದ್ದಿ ಹೇಳಿದಿರಿ. ಆ ಒಂದು ಮಾತನ್ನು ಹದಿನಾರು ತಿಂಗಳಿಂದ ತಲೆಯಲ್ಲಿ ತಿರುಗಿಸುತ್ತಿದ್ದೇನೆ. ಆಡಬಾರದಿತ್ತು. ಒಂದು ಮಾತಿಗೆ ಒಂಬತ್ತು ವರ್ಷ ಎದ್ದು ಹೋಗಬಾರದಿತ್ತು ಎಂದೂ ಅನ್ನಿಸುತ್ತದೆ.

ಕೆಲಸಕ್ಕೆ ಬರುತ್ತೇನೆ. ಈ ಸಲ ನಲವತ್ತೊಂದನ್ನೂ ಒಂದೊಂದಾಗಿ ತೆರೆದು, ಕಾಲು ಕಾಲು ಎಣಿಸಿ, ನಮ್ಮ ಬೀರಿನದೇ ಹೌದೋ ಎಂದು ನೋಡಿ ಒಳಗೆ ಇಡುತ್ತೇನೆ. ಯಾರ ಕಂಪ್ಯೂಟರಿನಲ್ಲಿ ಹಾಕಿದರೂ ತೆರೆಯುತ್ತದೆ. ನೀವು ಬಯಸಿದ್ದು ಅದೇ ತಾನೆ? ಇದಾದ ಮೇಲೆ ನನ್ನನ್ನು ಏನೂ ಕೇಳಬೇಕಾಗುವುದಿಲ್ಲ.

ಚಿಕ್ಕಮ್ಮ ಮೊನ್ನೆ ಕೇಳಿದಳು, 'ಬೋರ್ಡ್ ಮಾಡೋಕೆ ಅವನಿಗೆ ಕಾಗದ ಬರೀತೀಯೋ, ಕಾಗದ ಬರೆಯೋಕೆ ಬೋರ್ಡ್ ಮಾಡ್ತೀಯೋ?'


ಮಾರ್ಚ್ ೧೬, ಭಾನುವಾರ

ಬಲಗಡೆಯವರಿಗೆ,

ನಿಮ್ಮ ಐದನೇ ತಾರೀಖಿನ ಪತ್ರಕ್ಕೆ ಉತ್ತರ ಬೇರೆ ಬರೆಯುತ್ತೇನೆ. ನಾಲ್ಕು ಸಲ ಶುರು ಮಾಡಿದೆ, ಆಗುತ್ತಿಲ್ಲ.

ಇದು ತುರ್ತು. ಹೋದ ಸಲದ ಕಾರ್ಡಿನಲ್ಲಿ ಎಂಟು ಕಾಲಿನದನ್ನು ನಮ್ಮದರ ಜೊತೆ ಹೋಲಿಸಲೆಂದು ಅಕ್ಕಪಕ್ಕದ ಕೆಲವು ಬಿಡಿಭಾಗಗಳನ್ನು ಇವತ್ತು ತೆರೆದು ನೋಡಿದೆ. ಪ್ರತಿಯೊಂದರ ಕೊನೆಯಲ್ಲಿ 'ಟಿಪ್ಪಣಿ' ಎಂಬ ಖಾನೆ ಇದೆ. ಅದರಲ್ಲಿ ನಾನು ಹಿಂದೆ ಏನೇನೋ ಬರೆದಿದ್ದೇನೆ. ಮರೆತಿದ್ದೆ. ಅವು ಕೆಲಸಕ್ಕೆ ಬೇಕಿಲ್ಲದವು.

ಒಂದೊಂದಾಗಿ ತೆರೆಯಬೇಡಿ. ಟಿಪ್ಪಣಿಗಳನ್ನೆಲ್ಲ ಒಟ್ಟಿಗೆ ಅಳಿಸುವ ದಾರಿ ಇದೆ, ಈ ಹಾಳೆಯ ಹಿಂದೆ ಬರೆದಿದ್ದೇನೆ. ದಯವಿಟ್ಟು ಮೊದಲು ಅದನ್ನು ಮಾಡಿ.

ಎಡಗಡೆಯವನು


ಮಾರ್ಚ್ ೧೭, ಸೋಮವಾರ
ಲಕೋಟೆಯಲ್ಲಿ: ಕಾರ್ಡು, ಮೂರನೆಯ ಸಲ.

ಎಡಗಡೆಯವರಿಗೆ,

ಹತ್ತು ದಿನದಿಂದ ನಿಮ್ಮ ಬೀರಿನೊಳಗೆ ಕೂತಿದ್ದೇನೆ. ಒಂಬತ್ತು ವರ್ಷ ಅದರಿಂದ ಬೇಕಾದ್ದನ್ನು ಎತ್ತಿಕೊಂಡೆನೇ ಹೊರತು ಒಂದನ್ನೂ ತೆರೆದು ನೋಡಿರಲಿಲ್ಲ. ಅದು ನಿಮ್ಮ ಕಡೆಯ ಕೆಲಸ ಎಂದು ಬಿಟ್ಟಿದ್ದೆ.

ಮೊದಲು ತೆರೆದದ್ದು ಆ ಎಂಟು ಕಾಲಿನದನ್ನು. ಕಾಲುಗಳನ್ನು ಎಣಿಸಿದೆ. ಎರಡು ಎರಡರಲ್ಲಿ, ಮೂರು ಮೂರರಲ್ಲಿ. ಕೆಳಗೆ ಟಿಪ್ಪಣಿ: 'ಅಳತೆ ಎರಡು ಸಲ ನೋಡಿದೆ, ಸರಿ. ಈ ದಿನ ಬಲಗಡೆ ಖಾಲಿ. ಚಿಕ್ಕಮ್ಮನ ಕಣ್ಣಿನ ಆಪರೇಷನ್.'

ಮೊದಲು ಅರ್ಥವಾಗಲಿಲ್ಲ. ಮುಂದಿನದನ್ನು ತೆರೆದೆ.

ವಿದ್ಯುತ್ ನಿಯಂತ್ರಕ, ಮೂರು ಕಾಲು: 'ತಯಾರಕರ ಹಾಳೆಯಲ್ಲಿ ಮಧ್ಯದ ಕಾಲಿನ ಅಂಕಿ ತಪ್ಪಿದೆ, ತಿದ್ದಿದೆ. ಬಲಗಡೆಯವರು ಇವತ್ತು ಎರಡು ಸಲ ನಕ್ಕರು. ಎರಡನೆಯದರ ಕಾರಣ ತಿಳಿಯಲಿಲ್ಲ.'

ಬ್ಯಾಟರಿ ಹಿಡಿಕೆ: 'ಗುರುತಿನ ಅಕ್ಷರ ದೊಡ್ಡದು ಮಾಡಿದೆ. ಅವರು ಕನ್ನಡಕ ಬೇಕೆಂದು ಒಪ್ಪಿಕೊಳ್ಳುವವರೆಗೆ ಹೀಗೇ ಇರಲಿ.'

ಎಂಟು ವರ್ಷದಿಂದ ನಮ್ಮ ಬೋರ್ಡುಗಳ ಅಕ್ಷರ ಯಾಕೆ ಅಷ್ಟು ದಪ್ಪ ಎಂದು ಗಿರಾಕಿಗಳು ಕೇಳುತ್ತಿದ್ದರು. ನಿಮ್ಮ ಅಭಿರುಚಿ ಕೆಟ್ಟದು ಎಂದು ಹೇಳುತ್ತಿದ್ದೆ.

ಒಂದು ಸ್ವಿಚ್ಚು: 'ಅವರಿಗೆ ಏನೋ ಹೇಳಬೇಕೆಂದಿದ್ದೆ. ಟೈಲರ್ ಬಂದ.'

ಇಷ್ಟು ದಿನ ನಾನೂ ಆ ಟೈಲರನಿಗೆ ಟೀ ಕೊಡುತ್ತಾ ಬಂದಿದ್ದೇನೆ.

ನಲವತ್ತನ್ನೂ ನಕಲು ಮಾಡಿ ಬರೆಯುವುದಿಲ್ಲ, ಬರೆದವರು ನೀವೇ. ಕೊನೆಯ ಮೂರನ್ನು ಬರೆಯಬೇಕು. ಅವುಗಳ ತಾರೀಖು ನೀವು ಹೋಗುವ ಮುಂಚಿನ ಸೆಪ್ಟೆಂಬರ್, ಅಕ್ಟೋಬರ್.

'ಸಣ್ಣ ಅಳತೆ. ಮೂರು ಸಲ ಇಟ್ಟೆ, ಮೂರು ಸಲ ಜಾರಿತು.'

'ಎಡಗೈಯಲ್ಲಿ ನೋಡಿದೆ. ಅದೂ ಹಾಗೇ.'

'ಬೋರ್ಡು ಎರಡು ಸುಟ್ಟವು. ಮೇಜಿನ ಕೆಳಗಿಟ್ಟೆ. ಅವರಿಗೆ ತಿಳಿಯುವುದು ಬೇಡ, ತಿಳಿದರೆ ನನ್ನ ಪಾಲನ್ನೂ ಅವರೇ ಮಾಡತೊಡಗುತ್ತಾರೆ.'

ಅದನ್ನು ಓದಿ ಎದ್ದು ಕೈತೊಳೆದು ಬಂದೆ, ಯಾಕೆ ಎಂದು ಗೊತ್ತಿಲ್ಲ. ಆಮೇಲೆ ನಿಮ್ಮ ಕಾಗದಗಳನ್ನು ತೆಗೆದು ಸಾಲಾಗಿ ಮೇಜಿನ ಮೇಲಿಟ್ಟೆ. ಟೈಪ್ ಮಾಡಿದ ಸಹಿ. ದೊಡ್ಡ ಅಳತೆ. ಅರ್ಧ ಲೋಟ ಟೀ. ನಾನು ಕೊಟ್ಟ ತೀರ್ಪನ್ನು ನಿಮ್ಮ ಅಕ್ಕನಿಗೆ ಹೇಳಿಲ್ಲ ತಾನೆ? ಹೇಳಿದ್ದರೆ ಕ್ಷಮೆ ಕೇಳಿದೆ ಎಂದು ಹೇಳಿ.

ಕೈಯನ್ನು ಯಾರಿಗಾದರೂ ತೋರಿಸಿದಿರಾ? ಆಸ್ಪತ್ರೆಯಲ್ಲೇ ಇದ್ದೀರಿ.

ಕಾರ್ಡು ಈಗ ಪೂರ್ತಿಯಾಗಿದೆ. ಎಲ್ಲ ಎರಡು ಅಳತೆ ದೊಡ್ಡದು ಮಾಡಿದ್ದೇನೆ, ಬೆಂಕಿಪೊಟ್ಟಣ ಹೋಗಿ ಸೋಪಿನ ಡಬ್ಬಿಯಾಗಿದೆ. ಟೈಲರನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಅದು ಅಂಗಿಯ ಅಳತೆ ಬಿಟ್ಟು ಬೇರೇನನ್ನೂ ಕಂಡದ್ದಲ್ಲ. ಬಿಡಿಭಾಗ ನಲವತ್ತೊಂದೂ ಬಂದವು, ಕಾಲುಗಳು ಸರಿಯಾಗಿದ್ದವು. ಟಿಪ್ಪಣಿಗಳೂ ಬಂದವು. ಅವನು ಓದುವ ಮೊದಲು ಮುಚ್ಚಿದೆ.

ನಲವತ್ತೊಂದನೆಯದು ನರ್ಸಿನ ಮೇಜಿನ ದೀಪ. ಬೀರಿನಲ್ಲಿ ಅಂಥದ್ದು ಇರಲಿಲ್ಲ, ಜನವರಿಯಲ್ಲಿ ನಾನೇ ಬರೆದು ಅಲ್ಲಿಟ್ಟದ್ದು. ಅದರ ಟಿಪ್ಪಣಿ ಖಾಲಿ ಇತ್ತು. ಇವತ್ತು ತುಂಬಿದ್ದೇನೆ.

ಬಲಗಡೆಯವಳು


ಮಾರ್ಚ್ ೩೧

ಬಲಗಡೆಯವರಿಗೆ,

ಕೈಯಲ್ಲಿ ಬರೆಯುತ್ತಿದ್ದೇನೆ. ಸಾಲು ಮೇಲೆ ಕೆಳಗೆ ಹೋಗಿರುತ್ತದೆ, ಓದಲಾಗದ ಕಡೆ ಬಿಟ್ಟು ಮುಂದೆ ಹೋಗಿ. ಅಕ್ಕ ಹಾಳೆಗಳನ್ನು ನಾಲ್ಕು ಮೂಲೆಗೂ ಮೇಜಿಗೆ ಅಂಟಿಸಿ ಕೊಟ್ಟಿದ್ದಾಳೆ.

ತೋರಿಸಿದ್ದೇನೆ. ಕೈಯ ಈ ನಡುಕ ಅಪ್ಪನಿಗೂ ಇತ್ತಂತೆ, ನಾವು ಅದನ್ನು ಸಿಟ್ಟು ಎಂದುಕೊಂಡಿದ್ದೆವು. ಮಾತ್ರೆಯಿಂದ ಸ್ವಲ್ಪ ತಗ್ಗುತ್ತದೆ, ಹೋಗುವುದಿಲ್ಲ. ಜೀವಕ್ಕೆ ಏನೂ ಅಪಾಯವಿಲ್ಲ ಎಂದು ಡಾಕ್ಟರ್ ಸಂತೋಷದಿಂದ ಹೇಳಿದರು. ಬೆಸುಗೆಯ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋಗಿದ್ದು ನಿಮ್ಮ ಮಾತಿಗಲ್ಲ. ನೀವು ಅಂದದ್ದು ನಿಜವೇ ಆಗಿತ್ತು, ಕೈ ಎಲ್ಲೋ ಇತ್ತು. ನೀವು ನನ್ನ ಪಾಲಿನ ಬೋರ್ಡುಗಳನ್ನು ಸದ್ದಿಲ್ಲದೆ ನಿಮ್ಮ ಕಡೆ ಎಳೆದುಕೊಳ್ಳುತ್ತೀರಿ, ನಾನು ನೋಡಿಯೂ ನೋಡದ ಹಾಗೆ ಇರಬೇಕಾಗುತ್ತದೆ, ಹಾಗೆ ಎಷ್ಟು ವರ್ಷ ಎಂದು ಯೋಚಿಸಿದೆ. ನಿಮಗೆ ಎಡಗಡೆಗೆ ಗಟ್ಟಿ ಕೈಯವರು ಸಿಗಲಿ ಎಂದುಕೊಂಡೆ. ಸ್ಟೂಲನ್ನು ಟೈಲರನಿಗೆ ಕೊಡಲಿಲ್ಲ ಎಂದು ನೀವು ಬರೆದಾಗ ನನ್ನ ಲೆಕ್ಕ ತಪ್ಪಿದೆ ಎಂದು ಗೊತ್ತಾಯಿತು.

ಇನ್ನೊಂದು ತಪ್ಪೊಪ್ಪಿಗೆ. ಜನವರಿಯಲ್ಲಿ ನಲವತ್ತೊಂದು ಚೌಕ ಖಾಲಿ ಬಂದಾಗ ನಾನು ನಿಮ್ಮನ್ನು ಕೇಳಬೇಕಾಗಿರಲಿಲ್ಲ. ಅಷ್ಟನ್ನೂ ಇಲ್ಲೇ ಹೊಸದಾಗಿ ಬರೆಯಲು ನನಗೆ ಎರಡು ದಿನ ಸಾಕು, ಮೌಸ್ ಹಿಡಿಯಲು ಕೈ ಅಡ್ಡ ಬರುವುದಿಲ್ಲ. ಕಾರ್ಡು ವಾಪಸು ಬರಲಿ, ಜೊತೆಗೆ ಕಾಗದ ಬರಲಿ ಎಂದು ಕೇಳಿದೆ. ಅದರಿಂದ ವಾರ್ಡಿಗೆ ಒಂದು ತಿಂಗಳು ತಡವಾಯಿತು. ಇದನ್ನು ದೊಡ್ಡ ಸಿಸ್ಟರಿಗೆ ಹೇಳಿಲ್ಲ.

ಮೂರನೆಯ ಕಾರ್ಡು ಸರಿಯಾಗಿ ತೆರೆಯಿತು. ಹನ್ನೆರಡು ಬೋರ್ಡು ಮಾಡಿಸಿದೆ, ಟೆಕ್ನಿಷಿಯನ್ ಒಂದಕ್ಕೆ ಬೆಸುಗೆ ಹಾಕಿದ. ಬಾಟಲಿ ಖಾಲಿಯಾದಾಗ ಕೂಗಿತು, ತುಂಬಿದ್ದಾಗ ಸುಮ್ಮನಿತ್ತು. 'ಅಂತೂ ಬುದ್ಧಿ ಬಂತು ಇದಕ್ಕೆ,' ಎಂದರು ದೊಡ್ಡ ಸಿಸ್ಟರ್. ಬೋರ್ಡನ್ನು ನೋಡಿ ಅಂದರೋ ನನ್ನನ್ನು ನೋಡಿ ಅಂದರೋ ತಿಳಿಯಲಿಲ್ಲ. ಮರುದಿನ ಟೆಕ್ನಿಷಿಯನ್ನನ್ನು ಎರಡು ತಿಂಗಳ ತರಬೇತಿಗೆ ಬೇರೆ ಊರಿಗೆ ಕಳಿಸಿದರು. ಉಳಿದ ಹನ್ನೊಂದು ಬೋರ್ಡು ನನ್ನ ಡ್ರಾಯರಿನಲ್ಲಿವೆ, ಮೇಲೆ ಏನೂ ಇಲ್ಲದ ಹಸಿರು ಹಾಳೆಗಳ ಹಾಗೆ. ನಿನ್ನೆ ಒಂದರ ಮುಂದೆ ನಾನೇ ಕೂತೆ. ಮಣಿಕಟ್ಟನ್ನು ಮೇಜಿಗೆ ಒತ್ತಿ, ಇನ್ನೊಂದು ಕೈಯಿಂದ ಹಿಡಿದು, ನಲವತ್ತು ನಿಮಿಷಕ್ಕೆ ಒಂದು ಬಿಡಿಭಾಗ ಇಟ್ಟೆ. ವಕ್ರವಾಗಿದೆ, ಆದರೆ ಹಿಡಿದಿದೆ. ಮೇ ಎರಡಕ್ಕೆ ವಾರ್ಡು ತೆರೆಯುತ್ತದೆ. ಹೊರಗಿನ ಯಾರನ್ನಾದರೂ ಹುಡುಕುತ್ತೇನೆ.

ನಲವತ್ತೊಂದನೆಯದರ ಟಿಪ್ಪಣಿ ಓದಿದೆ. 'ಎರಡು ಕಾಲಿನ ದೀಪ. ಉದ್ದನೆಯ ಕಾಲು ಪ್ಲಸ್. ಎಡಗಡೆ ಖಾಲಿ.' ಮೂರನೆಯ ವಾಕ್ಯವನ್ನು ಎಷ್ಟು ಸಲ ತೆರೆದು ನೋಡಿದೆ ಎಂದು ಕಂಪ್ಯೂಟರ್ ಲೆಕ್ಕ ಇಡುವುದಿಲ್ಲ, ಒಳ್ಳೆಯದಾಯಿತು.

ಕಾರ್ಡಿನಲ್ಲಿ ಎಲ್ಲವೂ ಇದೆ. ನಿಮ್ಮನ್ನು ಕೇಳಲು ಇನ್ನು ಏನೂ ಉಳಿದಿಲ್ಲ. ಏನಾದರೂ ಸಿಗುತ್ತದೆಯೇ ಎಂದು ನಾಲ್ಕು ದಿನದಿಂದ ಹುಡುಕುತ್ತಿದ್ದೇನೆ.

ಎಡಗಡೆಯವನು


ಏಪ್ರಿಲ್ ೮, ಮಂಗಳವಾರ
ಕಾರ್ಯಾಗಾರ, ಮೊದಲ ಮಹಡಿ.
ಲಕೋಟೆಯಲ್ಲಿ: ಪತ್ರ ಮಾತ್ರ.

ಎಡಗಡೆಯವರಿಗೆ,

ಪೂರ್ತಿ ಓದಿದೆ. ಒಂದು ಸಾಲನ್ನೂ ಬಿಟ್ಟು ಮುಂದೆ ಹೋಗಲಿಲ್ಲ. ಮೂರನೆಯ ಪುಟದಲ್ಲಿ ಒಂದು ಪದ ಸಿಗಲಿಲ್ಲ. ಕನ್ನಡಕ ಹಾಕಿಕೊಂಡೆ, ಸಿಕ್ಕಿತು. ಹೌದು, ಕನ್ನಡಕ. ಹೋದ ವರ್ಷ ಮಾಡಿಸಿಕೊಂಡೆ. ಹೇಳಲು ಯಾರೂ ಎದುರಿಗಿರಲಿಲ್ಲ.

ಟಿಪ್ಪಣಿ ಅಳಿಸಿ ಎಂದು ನೀವು ಬರೆದ ಕಾಗದ ನಾನು ಓದಿ ಮುಗಿಸಿದ ಮೇಲೆ ಬಂತು. ಮೊದಲೇ ಬಂದಿದ್ದರೆ ಅಳಿಸುತ್ತಿದ್ದೆನೋ ಏನೋ, ನೀವು ಹೇಳಿದ್ದನ್ನು ಮಾಡುವ ಅಭ್ಯಾಸ ನನಗಿದೆ. ಆ ಹಾಳೆಯ ಹಿಂದೆ ಬರೆದ ದಾರಿಯನ್ನು ಕತ್ತರಿಸಿ ಒಲೆಗೆ ಹಾಕಿದೆ.

ಹೊರಗಿನ ಯಾರನ್ನೂ ಹುಡುಕಬೇಡಿ. ಹನ್ನೊಂದು ಬೋರ್ಡು ನನಗೆ ಮೂರು ದಿನದ ಕೆಲಸ. ನೀವು ಪಕ್ಕದಲ್ಲಿ ಕೂತು ಯಾವುದು ಎಲ್ಲಿಗೆ ಎಂದು ಹೇಳುತ್ತೀರಿ, ನಾನು ಇಡುತ್ತೇನೆ. ನಿಮ್ಮ ಪಾಲನ್ನು ಸದ್ದಿಲ್ಲದೆ ಎಳೆದುಕೊಳ್ಳುವುದಿಲ್ಲ, ನಿಮ್ಮೆದುರೇ ಎಳೆದುಕೊಳ್ಳುತ್ತೇನೆ. ನೀವು ನಿಮಗೆ ಬೇಕಾದಷ್ಟು ಜಗಳ ಮಾಡಬಹುದು. ಆ ನಲವತ್ತು ನಿಮಿಷದ ವಕ್ರ ಬಿಡಿಭಾಗವನ್ನು ಹಾಗೇ ಬಿಡಿ, ಅದನ್ನು ಕೀಳುವುದಿಲ್ಲ.

ನನಗೆ ತೊಂದರೆಯಾಗಿದ್ದು ಆಮೇಲಿನ ಲೆಕ್ಕ. ನಾಲ್ಕನೆಯ ದಿನ ಏನು? ಎರಡು ರಾತ್ರಿ ಅದನ್ನೇ ಯೋಚಿಸಿದೆ. ಈ ಕೋಣೆಯಲ್ಲಿ ನನ್ನನ್ನು ಹಿಡಿದಿಡುವ ವಸ್ತುಗಳನ್ನು ಎಣಿಸಿದೆ. ಬೆಸುಗೆಯ ಕಡ್ಡಿ, ಮೂರು ಇಕ್ಕಳ, ದೀಪ, ಭೂತಗನ್ನಡಿ. ಒಂದು ಚೀಲಕ್ಕೆ ಬರುತ್ತವೆ. ಗಿರಾಕಿಗಳ ಕೆಲಸ ಹೇಗೂ ಅಂಚೆಯಲ್ಲಿ ಬಂದು ಅಂಚೆಯಲ್ಲೇ ಹೋಗುತ್ತದೆ. ಸ್ಟೂಲು ಚೀಲಕ್ಕೆ ಬರುವುದಿಲ್ಲ.

ಚಿಕ್ಕಮ್ಮನಿಗೆ ಹೇಳಲು ಮೂರು ದಿನ ಮಾತು ಜೋಡಿಸಿದೆ. ಅವಳು ಕೇಳಿಸಿಕೊಂಡು, 'ಮೂರು ದಿನದ ಕೆಲಸ ಅಂತೀಯ, ಚಳಿಗಾಲದ ಶಾಲು ಯಾಕೆ ತೆಗೆದಿಟ್ಟಿದ್ದೀಯ?' ಎಂದಳು. ನಾನು ಶಾಲನ್ನು ಇನ್ನೊಮ್ಮೆ ಮಡಿಸಿದೆ. 'ಅಲ್ಲಿ ಮೆಟ್ಟಿಲು ಜಾಸ್ತಿ ಇಲ್ಲದ ಮನೆ ನೋಡು. ನಾನು ಆಮೇಲೆ ಬರ್ತೀನಿ. ಹುಡುಗನಿಗೆ ಪೂರ್ತಿ ಲೋಟ ಟೀ ಕೊಡು, ಚೆಲ್ಲಿದ್ರೆ ಒರೆಸ್ಕೊಂಡ್ರಾಯ್ತು.' ನಿಮಗೆ ಐವತ್ತೊಂದು ಎಂದು ಅವಳಿಗೆ ನೆನಪಿಸಲಿಲ್ಲ.

ಬೀರಿನ ವಿಷಯ. ಎರಡು ಸಾವಿರದ ಮುನ್ನೂರರಲ್ಲಿ ನಾನು ಈವರೆಗೆ ತೆರೆದದ್ದು ನಲವತ್ತು. ಉಳಿದವನ್ನು ಒಬ್ಬಳೇ ತೆರೆದು ಓದುವುದು ಬೇಡ ಎಂದು ಮುಚ್ಚಿಟ್ಟಿದ್ದೇನೆ. ಅಂಗಿ ಕೇಳಿದವರಿಗೆ ಬೀರು ಕಳಿಸಬಾರದು, ಗೊತ್ತಿದೆ. ಅದಕ್ಕೇ ಕಳಿಸುತ್ತಿಲ್ಲ, ಜೊತೆಗೆ ತರುತ್ತೇನೆ.

ಕೇಳಲು ಏನೂ ಉಳಿದಿಲ್ಲ ಎಂದಿರಿ. ನನ್ನ ಕಡೆ ಒಂದು ಉಳಿದಿದೆ. ನಿಮ್ಮ ಮೇಜಿನ ಬಲಗಡೆ ಗೋಡೆಯವರೆಗೆ ಎಷ್ಟು ಜಾಗ ಇದೆ, ಅಳೆದು ಬರೆಯಿರಿ. ಎರಡು ಸಲ ಅಳೆಯಿರಿ. ಕೈಯಲ್ಲೇ ಬರೆಯಿರಿ.

ಏಪ್ರಿಲ್ ಇಪ್ಪತ್ತೊಂದು, ಸೋಮವಾರ, ಬೆಳಗಿನ ರೈಲು ಎಂದು ತೀರ್ಮಾನಿಸಿದ್ದೇನೆ. ಟಿಕೆಟ್ ಇನ್ನೂ ತೆಗೆದಿಲ್ಲ. ಚೀಲ ಅಟ್ಟದ ಮೇಲಿದೆ. ಟೈಲರನಿಗೆ ಸ್ಟೂಲನ್ನು ಕೊಡುವುದಾಗಿ ನಾಳೆ ಹೇಳಬೇಕು.

ಬಲಗಡೆಯವಳು